ಹೊಳೆ ದಂಡೆ ಮೀರಿದರೆ ಇಂಗ್ಲಿಷ್‌ನಲ್ಲಿ ಏನೆನ್ನಬೇಕು?

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಚೌಡಾಪುರ ಸಿಗುತ್ತದೆ. ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ ಹೊರಟವರು ತಿರುಗುವುದು ಇಲ್ಲಿಯೇ. ಗಾಣಗಾಪುರದ ಬಳಿ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಈ ಭಾಗದ ಜನ ಹೇಳುವುದು ಒಂದೇ ಮಾತು: ‘ಹೊಳಿ ಬಂದದ’. 2020ರ ಅಕ್ಟೋಬರ್‌ನಲ್ಲಿ ಹಾಗೆ ಬಂದ ಹೊಳೆ ಅಫಜಲಪುರ ತಾಲ್ಲೂಕಿನ ಹೊಲಗಳನ್ನೂ ಮನೆಗಳನ್ನೂ ಬಿಡಲಿಲ್ಲ.

ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯಬೇಕಾದಾಗ ಕನ್ನಡ ಮಾಧ್ಯಮದ ಮಕ್ಕಳು ತಡವರಿಸುತ್ತಾರೆ. ಸಾಮಾನ್ಯವಾಗಿ ನೆನಪಿಗೆ ಬರುವ ಪದ ‘ಓವರ್‌ಫ್ಲೋ’. ಪದ ಸರಿಯೇ. ತಪ್ಪಾಗುವುದು ಅದನ್ನು ಬಳಸುವ ರೀತಿಯಲ್ಲಿ.

‘ಆಗು’ ತಂದ ತೊಡಕು

ಮನೆಯ ಮೇಲಿನ ಟಾಕಿ ತುಂಬಿದರೆ ನಾವು ‘ಓವರ್‌ಫ್ಲೋ ಆಗ್ಯಾದ’ ಎನ್ನುತ್ತೇವೆ. ಇಂಗ್ಲಿಷ್ ಕ್ರಿಯಾಪದವನ್ನು ನಾಮಪದದಂತೆ ಹಿಡಿದು, ಅದಕ್ಕೆ ನಮ್ಮ ‘ಆಗು’ವನ್ನು ಅಂಟಿಸುವುದು ಕನ್ನಡದ ರೂಢಿ. ಅದೇ ಅಭ್ಯಾಸದಿಂದ ವಿದ್ಯಾರ್ಥಿ ‘ದ ಟ್ಯಾಂಕ್ ಈಸ್ ಓವರ್‌ಫ್ಲೋ’ ಎಂದು ಬರೆಯುತ್ತಾನೆ. ಇಂಗ್ಲಿಷ್‌ನಲ್ಲಿ ಓವರ್‌ಫ್ಲೋ ತಾನೇ ಕ್ರಿಯಾಪದ. ಈಗ ತುಂಬಿ ಹರಿಯುತ್ತಿದ್ದರೆ ‘ದ ಟ್ಯಾಂಕ್ ಈಸ್ ಓವರ್‌ಫ್ಲೋಯಿಂಗ್’, ನಿನ್ನೆ ಹರಿದಿದ್ದರೆ ‘ದ ಟ್ಯಾಂಕ್ ಓವರ್‌ಫ್ಲೋಡ್’.

ಎರಡನೆಯ ತಪ್ಪು ‘ಓವರ್‌ಫ್ಲೋನ್’. ಫ್ಲೈ, ಫ್ಲೂ, ಫ್ಲೋನ್ ಎಂದು ಉರು ಹೊಡೆದ ಮಗು ಇಲ್ಲಿಯೂ ಅದನ್ನೇ ಹಚ್ಚುತ್ತದೆ. ಆದರೆ ಫ್ಲೈ ಎಂದರೆ ಹಾರು, ಫ್ಲೋ ಎಂದರೆ ಹರಿ. ಹರಿಯುವುದಕ್ಕೆ ಫ್ಲೋ, ಫ್ಲೋಡ್, ಫ್ಲೋಡ್ ಎಂಬುದೇ ಕ್ರಮ. ವಿಮಾನ ಒಂದು ಊರಿನ ಮೇಲೆ ಹಾರಿ ಹೋಗಿದ್ದರೆ ಮಾತ್ರ ‘ಓವರ್‌ಫ್ಲೋನ್’ ಸಲ್ಲುತ್ತದೆ. ಹಿಂದೆ ನೀರಿಗೂ ಈ ರೂಪವಿತ್ತು. ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿಯೂ ಅದು ಕಾಣುತ್ತದೆ. ಈಗ ಅದು ಬಳಕೆ ತಪ್ಪಿದೆ.

ನದಿ ದಂಡೆ ಮೀರಿದರೆ ‘ದ ರಿವರ್ ಓವರ್‌ಫ್ಲೋಡ್ ಇಟ್ಸ್ ಬ್ಯಾಂಕ್ಸ್’ ಎಂದರೆ ಸಾಕು. ಮೀರಿದ್ದು ಎಂಬ ಅರ್ಥ ಪದದೊಳಗೇ ಇರುವುದರಿಂದ ಇನ್ನೊಂದು ‘ಓವರ್’ ಸೇರಿಸಬೇಕಿಲ್ಲ. ಹೊಲಗಳಿಗೆ ನೀರು ನುಗ್ಗಿದರೆ ‘ದ ಫೀಲ್ಡ್ಸ್ ವರ್ ಫ್ಲಡೆಡ್’. ಸೇತುವೆ ಮುಳುಗಿದರೆ ‘ದ ಬ್ರಿಜ್ ವಾಸ್ ಸಬ್‌ಮರ್ಜ್ಡ್’. ಉಚ್ಚಾರದಲ್ಲೂ ಒಂದು ಸೂಕ್ಷ್ಮವಿದೆ. ನಾಮಪದವಾದಾಗ ಒತ್ತು ‘ಓ’ ಮೇಲೆ, ಕ್ರಿಯಾಪದವಾದಾಗ ‘ಫ್ಲೋ’ ಮೇಲೆ.

ಪದ ತಪ್ಪಿದರೆ ಅಪಾಯವೂ ತಪ್ಪಾಗಿ ತಿಳಿಯುತ್ತದೆ

ಇದು ಅಂಕಗಳ ಪ್ರಶ್ನೆ ಮಾತ್ರವಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಂಥ ಕಡೆ ಗೇಟು ಎತ್ತಿ ನೀರು ಬಿಡುವುದು ‘ರಿಲೀಸ್’. ಅಲ್ಲಿ ನೀರು ಮನುಷ್ಯನ ಹಿಡಿತದಲ್ಲಿದೆ. ಕೆರೆ ತುಂಬಿ ಕೋಡಿಯಿಂದ ಹೆಚ್ಚುವರಿ ನೀರು ಹರಿದರೆ ‘ಓವರ್‌ಫ್ಲೋ’. ಕೋಡಿ ಕಟ್ಟಿರುವುದೇ ಅದಕ್ಕಾಗಿ. ಊರಿಗೆ ಅದು ಸಂತಸದ ಸುದ್ದಿ. ನೀರು ಏರಿಯ ತಲೆಯ ಮೇಲಿಂದಲೇ ಹಾಯ್ದರೆ ‘ಓವರ್‌ಟಾಪ್’. ಮಣ್ಣಿನ ಏರಿಗೆ ಇದು ಪ್ರಾಣಾಂತಿಕ. ಮೇಲಿಂದ ಇಳಿಯುವ ನೀರು ಆಚೆ ಬದಿಯ ಮಣ್ಣನ್ನು ಕೊರೆಯುತ್ತ ಕೊನೆಗೆ ಏರಿಯನ್ನೇ ಒಡೆಯುತ್ತದೆ. ಹಾಗೆ ಒಡೆಯುವುದಕ್ಕೆ ‘ಬ್ರೀಚ್’ ಎನ್ನುತ್ತಾರೆ.

1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು–2 ಅಣೆಕಟ್ಟೆಯಲ್ಲಿ ನಡೆದದ್ದು ಇದೇ. ಭಾರಿ ಮಳೆಯಿಂದ ಬಂದ ನೀರು ಅದರ ಮಣ್ಣಿನ ಏರಿಯ ಮೇಲೆ ಹಾಯ್ದು, ಏರಿ ಕೊಚ್ಚಿಹೋಗಿ, ಕೆಳಗಿನ ಮೋರ್ಬಿ ಪಟ್ಟಣ ಮುಳುಗಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ‘ಓವರ್‌ಫ್ಲೋ’ ಎಂಬ ಸುದ್ದಿಗೆ ಕೋಡಿ ನೋಡಲು ಹೋಗಬಹುದು. ‘ಓವರ್‌ಟಾಪ್’ ಎಂಬ ಸುದ್ದಿಗೆ ಎತ್ತರದ ಜಾಗಕ್ಕೆ ಓಡಬೇಕು. ಎಚ್ಚರಿಕೆಯ ಸಂದೇಶ ಇಂಗ್ಲಿಷ್‌ನಲ್ಲಿ ಬಂದಾಗ ಮನೆಯಲ್ಲಿ ಅದನ್ನು ಓದಿ ಹೇಳುವವರು ಎಷ್ಟೋ ಸಲ ಶಾಲೆಗೆ ಹೋಗುವ ಮಕ್ಕಳೇ ಎಂಬುದನ್ನು ಮರೆಯಬಾರದು.

ಮನೆಯಲ್ಲೇ ಅಭ್ಯಾಸ

ಈ ವ್ಯತ್ಯಾಸ ಕಲಿಯಲು ದಪ್ಪ ವ್ಯಾಕರಣ ಪುಸ್ತಕ ಬೇಕಿಲ್ಲ. ಕನ್ನಡವೇ ದಾರಿ ತೋರಿಸುತ್ತದೆ. ಒಲೆಯ ಮೇಲೆ ಹಾಲು ‘ಉಕ್ಕುತ್ತದೆ’. ಇಂಗ್ಲಿಷ್‌ನಲ್ಲಿ ‘ಬಾಯಿಲ್ಸ್ ಓವರ್’. ಹೊತ್ತ ಕೊಡ ‘ತುಳುಕುತ್ತದೆ’. ಆಗ ನೀರು ‘ಸ್ಪಿಲ್ಸ್’. ಕೆರೆ ‘ತುಂಬಿ ಹರಿಯುತ್ತದೆ’, ಅದು ‘ಓವರ್‌ಫ್ಲೋಸ್’. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಕ್ರಿಯಾಪದ ಇರುವಂತೆ ಅಲ್ಲಿಯೂ ಇದೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯಲ್ಲಿ ‘ಉಕ್ಕುವುದಿಲ್ಲ’ ಎಂದು ಹಾಕಿದರೆ ಕಿವಿಗೆ ಹೇಗೆ ಒಗ್ಗುವುದಿಲ್ಲವೋ, ಇಂಗ್ಲಿಷ್ ಬಲ್ಲವರಿಗೆ ನಮ್ಮ ತಪ್ಪು ಪದವೂ ಹಾಗೆಯೇ ಕೇಳಿಸುತ್ತದೆ.

ಪಾಲಕರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ‘ಏನು ಹರಿಯಿತು? ಯಾವುದನ್ನು ಮೀರಿತು? ಹರಿದು ಮುಗಿಯಿತೋ, ಇನ್ನೂ ಹರಿಯುತ್ತಿದೆಯೋ?’ ಎಂದು ಮಗುವನ್ನು ಕನ್ನಡದಲ್ಲೇ ಕೇಳಲಿ. ಈ ಮೂರಕ್ಕೂ ಸರಿಯಾಗಿ ಉತ್ತರಿಸಿದ ಮಗು ಇಂಗ್ಲಿಷ್ ವಾಕ್ಯದ ಅರ್ಧ ಕೆಲಸ ಮುಗಿಸಿದಂತೆ. ಉಳಿದರ್ಧಕ್ಕೆ ನಿಘಂಟು ಇದ್ದೇ ಇದೆ.