ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ: ವಿದ್ಯಾರ್ಥಿ ವಿನಿಮಯ ನಡೆಯುವ ಬಗೆ

ವಿದೇಶದಲ್ಲಿ ಪದವಿ ಮಾಡುವುದು ಬೇರೆ, ವಿನಿಮಯ ವಿದ್ಯಾರ್ಥಿಯಾಗಿ ಹೋಗಿಬರುವುದು ಬೇರೆ. ಪದವಿಗೆಂದು ಹೋದವರು ಅಲ್ಲಿನ ವಿಶ್ವವಿದ್ಯಾಲಯಕ್ಕೇ ಸೇರಿ ಅದರ ಪದವಿಯನ್ನೇ ಪಡೆಯುತ್ತಾರೆ. ವಿನಿಮಯದಲ್ಲಿ ಹೆಸರು ತವರು ವಿಶ್ವವಿದ್ಯಾಲಯದ ದಾಖಲೆಯಲ್ಲೇ ಉಳಿಯುತ್ತದೆ. ಒಂದು ಸೆಮಿಸ್ಟರನ್ನೋ ಒಂದು ವರ್ಷವನ್ನೋ ಹೊರಗೆ ಓದಿ, ಪರೀಕ್ಷೆ ಬರೆದು, ಮರಳಿ ಬಂದು ತವರಿನ ಪದವಿಯನ್ನೇ ಮುಗಿಸುತ್ತಾರೆ.

ಇಂಥವರಿಂದ ಹೊರಗಿನ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಕೇಳುವುದಿಲ್ಲ. ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆ: ಅಲ್ಲಿ ಪುಕ್ಕಟೆಯಾಗಿ ಏಕೆ ಓದಿಸುತ್ತಾರೆ? ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ನೆನೆದರೆ ಉತ್ತರ ಸಿಗುತ್ತದೆ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಕೂಲಿಯ ಮಾತಿಲ್ಲ. ಎರಡು ವಿಶ್ವವಿದ್ಯಾಲಯಗಳೂ ಹೀಗೆಯೇ ಒಪ್ಪಂದ ಮಾಡಿಕೊಂಡು ಆದಷ್ಟು ಸಮಾನ ಸಂಖ್ಯೆಯಲ್ಲಿ ವಿದ್ಯಾರ್ಥಿಗಳನ್ನು ಪರಸ್ಪರ ಕಳಿಸುತ್ತವೆ. ಬೋಧನಾ ಶುಲ್ಕವನ್ನು ತವರಿನಲ್ಲಿ ಕಟ್ಟಿದರೆ ಸಾಕು. ಊಟ, ವಸತಿ, ಪ್ರಯಾಣ ಮಾತ್ರ ವಿದ್ಯಾರ್ಥಿಯದೇ ಹೊಣೆ. ಅದಕ್ಕೆ ಸಿಗುವ ಧನಸಹಾಯ ಬಹುಪಾಲು ಪೂರ್ತಿ ಖರ್ಚಿಗೆ ಸಾಲದು.

ಎಲ್ಲರೂ ಎಡವುವ ಜಾಗ

ವಿನಿಮಯವೆಂದರೆ ವೀಸಾ ಮತ್ತು ಹಣ, ಅವೆರಡು ಕೂಡಿಬಂದರೆ ಕೆಲಸ ಮುಗಿಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅಸಲು ವಿಷಯ ಬೇರೆಯೇ ಇದೆ: ಅಲ್ಲಿ ಓದಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತಾರೆಯೇ?

ಇಟಲಿಯ ಸೋಫಿಯಾ ಕೊರಾಡಿ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಯುರೋಪಿನ ಶಿಕ್ಷಣದ ಚರಿತ್ರೆಯನ್ನೇ ಬದಲಿಸಿತು. ಕಾನೂನು ವಿದ್ಯಾರ್ಥಿನಿಯಾಗಿದ್ದ ಅವರು ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮಿಗೆ ಮರಳಿದರು. ಆ ಓದನ್ನು ತನ್ನ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳಲು ಅವರ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಕೊರಾಡಿ ಇದನ್ನು ಸ್ವಂತದ ನೋವಾಗಿ ನುಂಗಿಕೊಳ್ಳದೆ, 1969ರಲ್ಲಿ ಒಂದು ಪ್ರಸ್ತಾವವನ್ನೇ ಸಿದ್ಧಪಡಿಸಿ ಇಟಲಿಯ ಕುಲಪತಿಗಳ ಮುಂದೆ, ಅಧಿಕಾರಿಗಳ ಮುಂದೆ ಇಟ್ಟರು. ಯುರೋಪಿನ ದೇಶಗಳ ನಡುವಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಕಾರ್ಯಕ್ರಮ ಶುರುವಾದದ್ದು 1987ರಲ್ಲಿ, 18 ವರ್ಷಗಳ ಬೆನ್ನುಬಿಡದ ಓಡಾಟದ ನಂತರ! ಮೊದಲ ವರ್ಷ 11 ದೇಶಗಳಿಂದ ಹೊರಟವರು 3,244 ವಿದ್ಯಾರ್ಥಿಗಳು. ಇಂದು ಇದರ ಪ್ರಯೋಜನ ಪಡೆದವರ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಯುರೋಪು ಕೊರಾಡಿಯವರನ್ನು ‘ಮಮ್ಮಾ ಎರಾಸ್ಮಸ್’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಮಾತು ಕಾಗದದ ಮೇಲಿರಬೇಕು

ಎರಾಸ್ಮಸ್ ಮಾನ್ಯತೆಯ ಈ ತೊಡಕನ್ನು ಬಿಡಿಸಿದ್ದು ಕಲಿಕಾ ಒಪ್ಪಂದದ ಮೂಲಕ. ಅಲ್ಲಿ ಯಾವ ವಿಷಯ ಓದಬೇಕು, ಅದು ತವರಿನ ಯಾವ ವಿಷಯದ ಬದಲಿಗೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ಬರೆದು ವಿದ್ಯಾರ್ಥಿ, ತವರು ಸಂಸ್ಥೆ, ಆತಿಥೇಯ ಸಂಸ್ಥೆ ಮೂವರೂ ಸಹಿ ಹಾಕುತ್ತಾರೆ. ಅಲ್ಲಿಗೆ ಹೋದ ಮೇಲೆ ವೇಳಾಪಟ್ಟಿ ಹೊಂದದೆ ವಿಷಯ ಬದಲಿಸುವುದಾದರೆ ಮತ್ತೆ ಮೂವರ ಒಪ್ಪಿಗೆ ಬೇಕು. ಬಾಯಿಮಾತಿನಲ್ಲಿ ‘ಆಗಲಿ’ ಎಂದದ್ದನ್ನು ನಂಬಬೇಡಿ.

ಓದನ್ನು ಅಳೆಯುವ ಘಟಕ ಕ್ರೆಡಿಟ್. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಶ್ರಮ. ತರಗತಿಯಲ್ಲಿ ಕೂತ ಹೊತ್ತಷ್ಟೇ ಅಲ್ಲ, ಮನೆಯಲ್ಲಿ ಓದಿದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲವೂ ಇದರಲ್ಲಿ ಸೇರುತ್ತದೆ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಹಾಗಾಗಿ ಒಂದು ಸೆಮಿಸ್ಟರಿನಲ್ಲಿ ಅಲ್ಲಿ 30 ಕ್ರೆಡಿಟ್ ಗಳಿಸಿದವರು ಇಲ್ಲಿಯವರಿಗಿಂತ 10 ಹೆಚ್ಚು ಗಳಿಸಿದರು ಎಂದುಕೊಂಡರೆ ತಪ್ಪು. ಅಲ್ಲಿನ 30, ಇಲ್ಲಿನ 20 ಎರಡೂ ಅರ್ಧ ವರ್ಷದ ಓದೇ.

ಅಂಕಗಳದು ಇನ್ನೂ ಸೊಗಸಾದ ಸಮಸ್ಯೆ, ನನಗೆ ತುಂಬ ಪ್ರಿಯವಾದದ್ದು. ಫ್ರಾನ್ಸಿನಲ್ಲಿ ಅಂಕ 20ಕ್ಕೆ, ತೇರ್ಗಡೆಗೆ 10. ಇಟಲಿಯಲ್ಲಿ 30ಕ್ಕೆ, ತೇರ್ಗಡೆಗೆ 18. ಜರ್ಮನಿಯಲ್ಲಿ 1 ಅತ್ಯುತ್ತಮ, 4 ದಾಟಿದರೆ ನಪಾಸು. ಈಗ ಫ್ರಾನ್ಸಿನಲ್ಲಿ 14 ಪಡೆದ ವಿದ್ಯಾರ್ಥಿನಿಯನ್ನು ನೋಡಿ. ಶೇಕಡಾ ಲೆಕ್ಕದಲ್ಲಿ ಅದು 70. ಇಟಲಿಯ ಅಳತೆಗೆ ತಂದರೆ 21. ಫ್ರಾನ್ಸಿನಲ್ಲಿ 14 ಬಂದರೆ ಒಳ್ಳೆಯ ಸಾಧನೆ, ಇಟಲಿಯಲ್ಲಿ 21 ಬಂದರೆ ತೇರ್ಗಡೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಗಣಿತ ಸರಿಯಾಗಿದ್ದೂ ನ್ಯಾಯ ತಪ್ಪಿತು! ಆದ್ದರಿಂದ ಅಂಕವನ್ನು ನೇರ ಗುಣಿಸದೆ, ಆ ವಿಭಾಗದಲ್ಲಿ ತೇರ್ಗಡೆಯಾದವರ ಪೈಕಿ ಎಷ್ಟು ಪಾಲು ಜನ ಅಷ್ಟು ಅಂಕ ಪಡೆಯುತ್ತಾರೆ ಎಂಬ ಕೋಷ್ಟಕವನ್ನು ನೋಡುತ್ತಾರೆ. ಅಲ್ಲಿ ಮೇಲಿನ ಕಾಲುಭಾಗದಲ್ಲಿದ್ದವರಿಗೆ ಇಲ್ಲಿಯೂ ಮೇಲಿನ ಕಾಲುಭಾಗದ ಅಂಕ ಸಿಗಬೇಕು ಎಂಬುದು ಅದರ ತತ್ವ.

ಕಡೆಯದಾಗಿ

ಶುಲ್ಕ ತವರಿನಲ್ಲಿ, ಓದು ಹೊರಗೆ, ಮಾನ್ಯತೆಯ ಮಾತು ಹೊರಡುವ ಮುಂಚೆ. ಈ ಮೂರನ್ನು ಹಿಡಿದುಕೊಂಡರೆ ಜಗತ್ತಿನ ಯಾವ ವಿನಿಮಯ ಕಾರ್ಯಕ್ರಮವೂ ಅರ್ಥವಾಗುತ್ತದೆ. ಭಾರತದಲ್ಲಿಯೂ 2021ರಲ್ಲಿ, ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ವಿದೇಶಿ ವಿಶ್ವವಿದ್ಯಾಲಯಗಳೊಂದಿಗೆ ಜಂಟಿ ಪದವಿಗೆ ದಾರಿ ತೆರೆದಿವೆ. ದಾರಿ ತೆರೆದರಷ್ಟೇ ಸಾಲದು, ಪ್ರತಿ ವಿಭಾಗದಲ್ಲೂ ಪಠ್ಯಕ್ರಮಗಳನ್ನು ಹೋಲಿಸಿ ನೋಡಬಲ್ಲ ಅಧ್ಯಾಪಕರು ಬೇಕು. ವಿದ್ಯಾರ್ಥಿಗಳೇ, ನಿಮ್ಮ ಪಠ್ಯಕ್ರಮವನ್ನೂ ಹೋಗಬೇಕೆಂದಿರುವ ಕಡೆಯ ಪಠ್ಯಕ್ರಮವನ್ನೂ ಅಕ್ಕಪಕ್ಕ ಇಟ್ಟು ಓದಿ. ಅಧ್ಯಾಪಕರೇ, 1999ರ ಬೊಲೋನ್ಯಾ ಘೋಷಣೆಯಿಂದಾಚೆಗೆ ಯುರೋಪಿನ ವಿಶ್ವವಿದ್ಯಾಲಯಗಳು ತಮ್ಮ ಪದವಿಗಳನ್ನು ಹೊಂದಿಸಿಕೊಂಡ ಚರಿತ್ರೆಯನ್ನು ಅಭ್ಯಾಸ ಮಾಡಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯಿರಿ. ಹಳ್ಳಿಯ ಕಾಲೇಜಿನ ಹುಡುಗಿಯೂ ಈ ಅವಕಾಶ ತನ್ನದು ಎಂದು ಕೇಳಲು ಮೊದಲು ಬೇಕಾದದ್ದು ಈ ತಿಳಿವಳಿಕೆ.