ದೊಡ್ಡ ಡ್ರೋನಿಗೆ ಕಾಲು ಕೂರಿಸುವ ಬಗೆ

ಬೆಳೆಗೆ ಔಷಧಿ ಸಿಂಪಡಿಸುವ ಹತ್ತು ಲೀಟರ್ ಟ್ಯಾಂಕಿನ ಡ್ರೋನ್, ಬ್ಯಾಟರಿ ಮತ್ತು ದ್ರಾವಣ ಸೇರಿದರೆ, ಹೆಚ್ಚುಕಡಿಮೆ 25 ಕಿಲೋ ತೂಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 25 ಕಿಲೋವರೆಗಿನದು ‘ಸಣ್ಣ’ ವರ್ಗವೇ. ಆದರೂ ನೆಲ ಮುಟ್ಟುವಾಗ ಅದರ ಭಾರ ಸಣ್ಣದಲ್ಲ. ಆ ಭಾರವನ್ನೆಲ್ಲ ಹೊರುವುದು ಲ್ಯಾಂಡಿಂಗ್ ಗೇರ್, ಅಂದರೆ ಡ್ರೋನಿನ ಕಾಲುಗಳು.

ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಇಳಿಯುವ 24 ಕಿಲೋ ಡ್ರೋನಿನ ಚಲನಶಕ್ತಿ ಬರೀ 3 ಜೂಲ್. ಅದೇ ಡ್ರೋನ್ ಅರ್ಧ ಮೀಟರ್ ಎತ್ತರದಿಂದ ಧೊಪ್ಪನೆ ಬಿದ್ದರೆ ಪೆಟ್ಟು ಸುಮಾರು ನಲವತ್ತು ಪಟ್ಟು ಹೆಚ್ಚು. ಆದ್ದರಿಂದ ಕಾಲು ಗಟ್ಟಿಯಾಗಿದ್ದರಷ್ಟೇ ಸಾಲದು, ಸ್ವಲ್ಪ ಬಾಗಬೇಕು. ಪೆಟ್ಟು ಮಿತಿ ಮೀರಿದಾಗ ಮೊದಲು ಮುರಿಯಬೇಕಾದದ್ದೂ ಕಾಲೇ. ಅದನ್ನು ಬದಲಿಸುವುದು ಸುಲಭ, ಫ್ರೇಮ್ ಬಿರುಕು ಬಿಟ್ಟರೆ ಖರ್ಚು ದೊಡ್ಡದು.

ಕೊಳ್ಳುವ ಮುನ್ನ ಎತ್ತರ, ಅಗಲ ಎರಡನ್ನೂ ಲೆಕ್ಕ ಹಾಕಬೇಕು. ಟ್ಯಾಂಕ್, ಪಂಪು, ನಾಜಲ್ ಯಾವುದೂ ನೆಲಕ್ಕೆ ತಾಗದಷ್ಟು ಎತ್ತರ ಬೇಕು. ಆದರೆ ಎತ್ತರ ಹೆಚ್ಚಿದಂತೆ ಗುರುತ್ವ ಕೇಂದ್ರ ಮೇಲೇರಿ ಡ್ರೋನ್ ಬೇಗ ಮಗುಚುತ್ತದೆ. ಗುರುತ್ವ ಕೇಂದ್ರ 40 ಸೆಂಟಿಮೀಟರ್ ಎತ್ತರದಲ್ಲಿದ್ದು ಕಾಲುಗಳ ನಡುವೆ 60 ಸೆಂಟಿಮೀಟರ್ ಅಂತರವಿದ್ದರೆ, ನಿಂತ ಡ್ರೋನ್ ಸುಮಾರು 37 ಡಿಗ್ರಿ ವಾಲುವವರೆಗೆ ಉರುಳುವುದಿಲ್ಲ. ಅಂತರ 40ಕ್ಕೆ ಇಳಿದರೆ ಆ ಮಿತಿ 27 ಡಿಗ್ರಿಗೆ ಕುಸಿಯುತ್ತದೆ. ಟ್ಯಾಂಕಿನಲ್ಲಿ ದ್ರಾವಣ ಕುಲುಕಾಡುತ್ತಿದ್ದರೆ ಇನ್ನೂ ಕಡಿಮೆ. ಕಾಲುಗಳನ್ನು ಹೊರಕ್ಕೆ ಓರೆಯಾಗಿ ಇಡುವುದು ಇದೇ ಕಾರಣಕ್ಕೆ.

ಜೋಡಿಸುವ ಮೊದಲು ಬ್ಯಾಟರಿ ಕಳಚಿ, ಪ್ರೊಪೆಲರ್ ತೆಗೆದು, ಟ್ಯಾಂಕ್ ಖಾಲಿ ಮಾಡಬೇಕು. ಕಾಲಿನ ಕಾರ್ಬನ್ ಫೈಬರ್ ಕೊಳವೆ ಕತ್ತರಿಸುವುದಿದ್ದರೆ ನೀರು ಹನಿಸುತ್ತ, ಮಾಸ್ಕ್ ಹಾಕಿಕೊಂಡು ಕತ್ತರಿಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೊಯ್ದ ತುದಿಗೆ ಎಪಾಕ್ಸಿ ಸವರಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಕೆಲಸ ಹೆಚ್ಚಾಗಿ ಕೆಡುವುದು ಕೊಳವೆಯನ್ನು ಫ್ರೇಮಿಗೆ ಹಿಡಿಸುವ ಕ್ಲ್ಯಾಂಪಿನಲ್ಲಿ. ಅಲ್ಯೂಮಿನಿಯಂ ಕ್ಲ್ಯಾಂಪನ್ನು ಒಂದೇ ಬದಿಯಿಂದ ಬಿಗಿದರೆ ಕೊಳವೆಯ ಗೋಡೆ ಒಳಗೇ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ, ಡ್ರೋನನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಕಾಲುಗಳ ಕೆಳತುದಿಯ ಎರಡೂ ಅಡ್ಡಪಟ್ಟಿಗಳು ಉದ್ದಕ್ಕೂ ನೆಲಕ್ಕೆ ತಾಗಿವೆಯೇ ಎಂದು ನೋಡಿಕೊಂಡ ಮೇಲೆ, ತಯಾರಕರು ಹೇಳಿದ ಟಾರ್ಕ್‌ಗೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮೋಟಾರಿನ ಕಂಪನಕ್ಕೆ ಬೋಲ್ಟು ಸಡಿಲವಾಗದಂತೆ ಎಳೆಗಳಿಗೆ ನೀಲಿ ಥ್ರೆಡ್‌ಲಾಕರ್ ಹಚ್ಚಬೇಕು. ಕೆಂಪು ಬಣ್ಣದ್ದು ಬೇಡ, ಕಾಯಿಸದೆ ಅದು ಬಿಡಿಸಿಕೊಳ್ಳುವುದಿಲ್ಲ.

ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಕಾಲಿಗೆ ಉಜ್ಜುವ ತಂತಿಯ ಹೊದಿಕೆ ಸವೆದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು, ಹಾಗಾಗಿ ತಂತಿಗೆ ರಕ್ಷಣಾ ಕವಚ ತೊಡಿಸಿ ಕಟ್ಟಬೇಕು. ರೇಡಿಯೋ ಸಂಕೇತಕ್ಕೂ ಕಾರ್ಬನ್ ಫೈಬರ್ ಅಡ್ಡ. ಆಂಟೆನಾ ಕಾಲಿನ ಮರೆಯಲ್ಲಿ ಇರಬಾರದು.

ಅಡ್ಡಪಟ್ಟಿಗೆ ಫೋಮ್ ಸುತ್ತಿದರೆ ಪೆಟ್ಟು ತಗ್ಗುತ್ತದೆ. ಎರೆಮಣ್ಣಿನ ಹಸಿ ಹೊಲದಲ್ಲಿ ಮಾತ್ರ ಫೋಮಿಗೆ ಕೆಸರು ಮೆತ್ತಿ ಒಂದು ಬದಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಬದಿ ಮೇಲೇಳುವಾಗ ಡ್ರೋನ್ ಮಗುಚುವುದು ಹೀಗೆಯೇ. ಅಲ್ಲಿ ಹಲಗೆಯ ಮೇಲೆ ಇಳಿಸುವುದು ಮೇಲು.

ಕೆಲವು ಕ್ಯಾಮೆರಾ ಡ್ರೋನುಗಳಲ್ಲಿ ಕಾಲು ಚಿತ್ರದೊಳಗೆ ಬಾರದಂತೆ ಸರ್ವೋ ಮೋಟಾರಿನಿಂದ ಮಡಚುವ ಏರ್ಪಾಡು ಇರುತ್ತದೆ. ಸಿಂಪಡಣೆಗೆ ಅದು ಅನಗತ್ಯ ತೂಕ.

ಜೋಡಣೆ ಮುಗಿದ ಮೇಲೆ ಗುರುತ್ವ ಕೇಂದ್ರ ಫ್ರೇಮಿನ ನಡುವೆಯೇ ಇದೆಯೇ ಎಂದು ಎತ್ತಿ ನೋಡಿ, ಸಮತಲದ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು. ಮೊದಲ ಹಾರಾಟ ಖಾಲಿ ಟ್ಯಾಂಕಿನಲ್ಲಿ, ಒಂದೆರಡು ಮೀಟರ್ ಎತ್ತರಕ್ಕೆ ಸಾಕು. ಆಮೇಲೆ ನೀರು ತುಂಬಿ ಇನ್ನೊಮ್ಮೆ ಹಾರಿಸಿ ಇಳಿಸಿ, ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಬೇಕು.