ಅಜ್ಜನ ರಿಮೋಟು, ನನ್ನ ದನಿ

ಪದವಿ ಮುಗಿಸಿ ಹೆಗ್ಗದ್ದೆಗೆ ವಾಪಸಾದ ಮೇಲೆ ಕಳುಹಿಸಿದ ಅರ್ಜಿಗಳ ಲೆಕ್ಕ ಇಟ್ಟಿಲ್ಲ. ಉತ್ತರ ಬಂದಿದ್ದು ಒಂದಕ್ಕೆ ಮಾತ್ರ. ಬೆಂಗಳೂರಿನ ಸಣ್ಣದೊಂದು ವಿಡಿಯೊ ಸಂಸ್ಥೆಯವರು, ನಿಮ್ಮ ಊರಿನ ಬಗ್ಗೆ ಐದು ನಿಮಿಷದ ವಿಡಿಯೊ ಮಾಡಿ, ನೀವೇ ನಿರೂಪಣೆ ಕೊಟ್ಟು ಹದಿನೈದು ದಿನದೊಳಗೆ ಕಳುಹಿಸಿ ಎಂದಿದ್ದರು.

ಮಾರ್ಚ್ ತಿಂಗಳು. ನಮ್ಮ ಕಡೆ ಮೆಣಸಿನ ಕೊಯ್ಲು. ಸಿಲ್ವರ್ ಮರಕ್ಕೆ ಏಣಿ ಹಾಕಿ ಕರೆ ಬಿಡಿಸುವುದು, ಹಸಿರು ಕಾಳು ಕಣದಲ್ಲಿ ಒಣಗಿ ಕಪ್ಪಾಗುವುದು, ಇವನ್ನೆಲ್ಲ ಫೋನಿನಲ್ಲೇ ಚಿತ್ರಿಸಿದೆ. ದೃಶ್ಯಗಳು ಚೆನ್ನಾಗಿಯೇ ಬಂದವು. ಎಡವಿದ್ದು ದನಿಯಲ್ಲಿ.

ನಿರೂಪಣೆಯನ್ನು ಮೂರು ದಿನ ಕಂತಿನಲ್ಲಿ ಓದಿದ್ದೆ. ಮೊದಲ ದಿನ ಫೋನು ಬಾಯಿಯ ಹತ್ತಿರವೇ ಇತ್ತು. ಎರಡನೇ ದಿನ ಹೂಮಳೆ ಹೆಂಚಿನ ಮೇಲೆ ಸದ್ದು ಮಾಡುತ್ತಿತ್ತು. ಅದನ್ನು ಮೀರಿಸಲು ಕೂಗಿ ಓದಿದೆ. ಮೂರನೇ ದಿನ ಕರೆಂಟು ಹೋಗಿ ರಾತ್ರಿ ಬಂತು. ಮನೆಯವರೆಲ್ಲ ಮಲಗಿದ್ದರಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಓದಿ ಮುಗಿಸಿದೆ. ಮೂರನ್ನೂ ಸೇರಿಸಿ ಟಿವಿಗೆ ಹಾಕಿ ಅಜ್ಜನಿಗೆ ತೋರಿಸಿದೆ.

ಅಜ್ಜನಿಗೆ ಕಿವಿ ಸ್ವಲ್ಪ ಮಂದ. ವಿಡಿಯೊ ಮುಗಿಯುವವರೆಗೂ ರಿಮೋಟು ಕೈಬಿಡಲಿಲ್ಲ. ಒಮ್ಮೆ ಏರಿಸುವುದು, ಬೆಚ್ಚಿ ಇಳಿಸುವುದು, ಮತ್ತೆ ಏರಿಸುವುದು. ‘ಮಳೆಗೆ ನೆನೆದ ಮೆಣಸನ್ನು ಮತ್ತೆ ಒಣಗಿಸಿದರೂ ಮೊದಲಿನ ಬಣ್ಣ ಬರುವುದಿಲ್ಲ’ ಎಂಬ ಮಾತು ಬಂದಾಗ ನನ್ನ ಕಡೆ ತಿರುಗಿ, ‘ಬಣ್ಣ ಬರುತ್ತೋ, ಬರಲ್ವೋ? ಸರಿಯಾಗಿ ಹೇಳೋ’ ಎಂದರು.

ನನಗೆ ನಗು ಬಂತು. ಆಮೇಲೆ ಭಯವಾಯಿತು. ಕೇಳಿಸದೇ ಹೋಗಿದ್ದು ಆ ವಾಕ್ಯದ ಜೀವ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ, ಓದುವವನ ಉಸಿರು ಖಾಲಿಯಾಗುವುದೂ ಅಲ್ಲಿಯೇ. ನನ್ನ ಪ್ರತಿ ವಾಕ್ಯದ ಬಾಲವೂ ನೆಲಕ್ಕೆ ಬಿದ್ದಿತ್ತು. ಬೆಂಗಳೂರಿನಲ್ಲಿ ಇದನ್ನು ನೋಡುವವರು ರಿಮೋಟು ಹಿಡಿದು ಕೂರುತ್ತಾರೆಯೇ? ಮುಂದಿನ ಅರ್ಜಿಗೆ ಹೋಗುತ್ತಾರೆ.

ಉಳಿದಿದ್ದು ಆರು ದಿನ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶವನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. 2000ದಿಂದಲೂ ಜನರ ಕೈಯಲ್ಲಿರುವ ಇದು ಹಳೆಯ ಯಂತ್ರದಲ್ಲೂ ಓಡುತ್ತದೆ. ಎಲ್ಲರೂ ಮಾಡುವ ತಪ್ಪನ್ನೇ ಮೊದಲು ಮಾಡಿದೆ: ‘ನಾರ್ಮಲೈಸ್’ ಒತ್ತಿದೆ. ಎಲ್ಲವೂ ಸಮವಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅದು ಇಡೀ ಧ್ವನಿಯನ್ನು ಒಂದೇ ಅಳತೆಯಲ್ಲಿ ಮೇಲೆತ್ತುತ್ತದೆ, ಅತಿ ಜೋರಾದ ತುದಿ ಮಿತಿ ಮುಟ್ಟುವಷ್ಟು ಮಾತ್ರ. ನಡುವೆ ಒಂದು ಕೆಮ್ಮು ಇದ್ದರೆ ಆ ಕೆಮ್ಮೇ ಮಿತಿ. ತಗ್ಗು ತಗ್ಗಾಗಿಯೇ, ದಿಬ್ಬ ದಿಬ್ಬವಾಗಿಯೇ ಉಳಿಯುತ್ತದೆ.

ಬೇಕಾಗಿದ್ದುದು ‘ಕಂಪ್ರೆಸರ್’. ಅದು ಏನೆಂದು ನನಗೆ ಅರ್ಥವಾಗಿದ್ದು ಅಜ್ಜನನ್ನು ನೆನೆದಾಗ. ಸದ್ದು ಜೋರಾದಾಗ ಇಳಿಸುವ, ಆದರೆ ಎಂದೂ ನಿದ್ದೆ ಮಾಡದ ರಿಮೋಟಿನ ಕೈ ಅದು. ಲೆಕ್ಕ ಸರಳ. ಡಿಜಿಟಲ್ ಧ್ವನಿಯಲ್ಲಿ ಸೊನ್ನೆ ಡೆಸಿಬಲ್ಲೇ ಸೂರು. ಅದನ್ನು ದಾಟಿದರೆ ದನಿ ಒಡೆಯುತ್ತದೆ. ಉಳಿದೆಲ್ಲ ಮೈನಸ್‌ನಲ್ಲಿ. ಗಡಿಯನ್ನು ಮೈನಸ್ 18ಕ್ಕೆ, ಅನುಪಾತವನ್ನು 3:1ಕ್ಕೆ ಇಟ್ಟೆ ಎನ್ನಿ. ಮೈನಸ್ 6ಕ್ಕೆ ಏರಿದ ಕೂಗು ಗಡಿಗಿಂತ 12 ಡೆಸಿಬಲ್ ಮೇಲಿದೆ. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 4 ಮಾತ್ರ ಉಳಿದು ಮೈನಸ್ 14ಕ್ಕೆ ಬಂದು ನಿಲ್ಲುತ್ತದೆ. ಗಡಿಯ ಕೆಳಗಿನ ಮೆಲುಮಾತು ಇದ್ದಂತೆಯೇ ಇರುತ್ತದೆ. ಅಂತರ ಕಿರಿದಾದ ಮೇಲೆ ಒಟ್ಟು ದನಿಯನ್ನು ಮೇಲೆತ್ತಬಹುದು.

ಆದರೆ ಇಲ್ಲೊಂದು ಮೋಸವಿದೆ. ಒಟ್ಟು ಮೇಲೆತ್ತಿದಾಗ ಮಾತಿನ ಜೊತೆ ಹೆಂಚಿನ ಮೇಲಿನ ಮಳೆಯೂ ಏಳುತ್ತದೆ. ಹಾಗಾಗಿ ಸದ್ದು ಕಳೆಯುವ ಕೆಲಸ ಮೊದಲು, ಕಂಪ್ರೆಸರ್ ಆಮೇಲೆ. ಅದನ್ನೂ ಅತಿ ಮಾಡಿದರೆ ದನಿ ಬಾವಿಯೊಳಗಿನಿಂದ ಬಂದಂತೆ ಆಗುತ್ತದೆ. ಎರಡನೇ ದಿನದ ಭಾಗ ಎಷ್ಟು ತೊಳೆದರೂ ಸರಿಹೋಗಲಿಲ್ಲ. ಅಳಿಸಿ ಮತ್ತೆ ಓದಿದೆ. ನಾನು ಕಲಿತ ದೊಡ್ಡ ಪಾಠ ಇದೇ: ಮೂರು ತಾಸು ಕೂತು ತಿದ್ದುವುದಕ್ಕಿಂತ ಮೂರು ನಿಮಿಷ ಮತ್ತೆ ಓದುವುದು ಮೇಲು.

ಈ ಸಲ ಕೊಳಗವನ್ನು ಬೋರಲು ಹಾಕಿ ಅದರ ಮೇಲೆ ಫೋನಿಟ್ಟೆ. ಬಾಯಿಗೂ ಫೋನಿಗೂ ಒಂದು ಗೇಣು, ಹೆಚ್ಚಿಲ್ಲ, ಕಡಿಮೆಯಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಓದುತ್ತಾ ಸ್ವಲ್ಪ ಹಿಂದಕ್ಕೆ ವಾಲಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಗೋಡೆಯ ಮಾರ್ದನಿ ಬಾರದಂತೆ ಎದುರಿಗೆ ಕಂಬಳಿ ತೂಗುಹಾಕಿದೆ. ಹಾಳೆಯಲ್ಲಿ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಕೆಂಪು ಗೆರೆ ಎಳೆದುಕೊಂಡೆ. ಅಲ್ಲಿಗೆ ಉಸಿರು ಉಳಿಸಬೇಕು ಎಂಬ ಗುರುತು.

ಮೊದಲ ಮತ್ತು ಮೂರನೇ ದಿನದ ತುಣುಕುಗಳನ್ನು ಬೇರೆ ಬೇರೆ ಕತ್ತರಿಸಿ ಹೊಸದಕ್ಕೆ ಸರಿದೂಗಿಸಿದೆ. ಇನ್ನೂ ಬಿದ್ದಿದ್ದ ಬಾಲಗಳನ್ನು ‘ಎನ್‌ವಲಪ್’ ಸಾಧನದಿಂದ ಒಂದೊಂದಾಗಿ ಕೈಯಲ್ಲೇ ಎತ್ತಿದೆ. ಇದು ಕಳೆ ಕಿತ್ತಂತೆ, ತಾಳ್ಮೆ ಬೇಕು. ನಂತರ ಹಗುರವಾಗಿ ಕಂಪ್ರೆಸರ್. ಕೊನೆಗೆ ಒಟ್ಟು ಗಟ್ಟಿತನದ ಅಳತೆ. ಇದನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ತುದಿಯನ್ನಲ್ಲ, ಕಿವಿಗೆ ಒಟ್ಟಾರೆ ಎಷ್ಟು ಜೋರು ಎನಿಸುತ್ತದೆ ಎಂಬುದನ್ನು ಇದು ಹೇಳುತ್ತದೆ. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾದುದನ್ನು ತಾನೇ ತಗ್ಗಿಸುತ್ತದೆ. ಜಾಹೀರಾತು ಬಂದಾಗ ರಿಮೋಟಿಗೆ ಕೈಹಾಕುವುದು ನಮ್ಮ ಅಜ್ಜನ ಪಾಡಷ್ಟೇ ಅಲ್ಲ. ಅಮೆರಿಕದಲ್ಲಿ ಟಿವಿ ಜಾಹೀರಾತಿನ ಅಬ್ಬರ ತಗ್ಗಿಸಲು 2010ರಲ್ಲಿ ಕಾಯ್ದೆಯನ್ನೇ ಮಾಡಿದರು.

ಕಳುಹಿಸುವ ಹಿಂದಿನ ರಾತ್ರಿ ಅಜ್ಜನಿಗೆ ಮತ್ತೆ ತೋರಿಸಿದೆ. ರಿಮೋಟನ್ನು ಒಮ್ಮೆ ಒತ್ತಿ ದನಿ ಏರಿಸಿ ಪಕ್ಕಕ್ಕಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ. ಮುಗಿದ ಮೇಲೆ ಹೇಳಿದ್ದು ಬೇರೆಯೇ: ‘ಮೆಣಸು ಒಣಗಿಸೋಕೆ ಎಷ್ಟು ದಿನ ಬೇಕು ಅಂತ ನೀನು ಹೇಳಲೇ ಇಲ್ವಲ್ಲ.’ ಹೋದ ವಾರ ಕೇಳಿಸದ ಪದದ ಬಗ್ಗೆ ದೂರಿದ್ದವರು ಈಗ ಹೇಳದ ವಿಷಯದ ಬಗ್ಗೆ ದೂರುತ್ತಿದ್ದರು. ಎಲ್ಲವೂ ಕೇಳಿಸಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಆ ಒಂದು ಸಾಲನ್ನೂ ಓದಿ ಸೇರಿಸಿದೆ.

ಸಂಸ್ಥೆಯವರು ಎರಡು ತಿಂಗಳ ತರಬೇತಿಗೆ ಕರೆದಿದ್ದಾರೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಕೆಲಸ ಖಾಯಂ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನಿಮ್ಮಲ್ಲೂ ಯಾರಾದರೂ ವಿಡಿಯೊ ಮಾಡಿ ಕಳುಹಿಸುವವರಿದ್ದರೆ ಒಂದೇ ಮಾತು. ಕಳುಹಿಸುವ ಮುಂಚೆ ಮನೆಯ ಹಿರಿಯರೊಬ್ಬರ ಕೈಗೆ ರಿಮೋಟು ಕೊಟ್ಟು ಕೂರಿಸಿ. ಪರದೆ ಬಿಟ್ಟು ಅವರ ಹೆಬ್ಬೆರಳನ್ನು ನೋಡಿ. ಅದು ಎಲ್ಲಿ ಅಲ್ಲಾಡುತ್ತದೋ ನಿಮ್ಮ ಕೆಲಸ ಅಲ್ಲಿ ಬಾಕಿ ಇದೆ.